ಭಾರ ಬೇರಿಂಗಿಗೆ, ತಿರುಗೂದಷ್ಟ ಮೋಟರಿಗೆ: ಮನ್ಯಾಗ ಹ್ಯೂಮನಾಯ್ಡ್ ರೋಬೋಟಿನ ಕೀಲು ಮಾಡೂದು ಹೆಂಗ

ಎರಡು ವರ್ಷದ ಹಿಂದ ಗಣಪತಿ ಹಬ್ಬಕ್ಕ ನಮ್ಮ ಓಣಿ ಪೆಂಡಾಲದಾಗ ಬಂದವರಿಗೆಲ್ಲಾ ನಮಸ್ಕಾರ ಮಾಡೋ ಹ್ಯೂಮನಾಯ್ಡ್, ಅಂದ್ರ ಮನಷ್ಯಾನ ಆಕಾರದ ರೋಬೋಟ್ ನಿಲ್ಲಸೂಣು ಅಂತ ನಾನು, ನಮ್ಮ ಅಕ್ಕನ ಮಗ ಇಬ್ಬರೂ ಕೂಡಿ ಒಂದು ಮಾಡಿದ್ವಿ. ಮೊದಲನೇ ದಿನ ಭಾರಿ ಮಜಾ, ಹುಡುಗ್ರು ಪಾಳಿ ಹಚ್ಚಿ ನಿಂತಿದ್ರು. ಮೂರನೇ ದಿನ ರಾತ್ರಿ ಆರತಿ ಮುಗದು ಪ್ರಸಾದ ಹಂಚೋ ಹೊತ್ತಿನ್ಯಾಗ ಅದರ ಬಲಗೈ ಭುಜದಿಂದ ಕಳಚಿ ಸೀದಾ ಚುರಮರಿ ಬುಟ್ಟಿಯೊಳಗ ಬಿತ್ತು. ಒಬ್ಬ ಆಯಿ "ಪಾಪ, ಎಷ್ಟ ಮಂದಿಗೆ ನಮಸ್ಕಾರ ಮಾಡೀತು ಅದರ, ಕೈ ಸೋತಿರಬೇಕು ಬಿಡ್ರೋ" ಅಂದ್ರು. ಎಲ್ಲಾರೂ ನಕ್ಕರು, ನಾನೂ ನಕ್ಕೆ, ಮನಿಗೆ ಬಂದು ಅದರ ಸರ್ವೋ, ಅಂದ್ರ ಹೇಳಿದಷ್ಟ ಡಿಗ್ರಿ ತಿರುಗಿ ನಿಲ್ಲೋ ಮೋಟರ್, ಬಿಚ್ಚಿ ನೋಡಿದಾಗ ನಗಿ ನಿಂತಹೋತು.

ಒಳಗ ಗೇರಿನ ಎರಡು ಹಲ್ಲು ಹಾರಿದ್ದವು, ಶಾಫ್ಟ್ ಒಂದ ಕಡೆ ವಾಲಿತ್ತು. ಮೋಟರಿಗೆ ಶಕ್ತಿ ಕಡಿಮಿ ಇತ್ತು ಅಂತ ಅಲ್ಲ. ಇಡೀ ಕೈಯನ್ನ ಮೋಟರಿನ ಶಾಫ್ಟಿಗೇ ನೇತಹಾಕಿದ್ದು ನಾವು. ಚಕ್ಕಡಿ ನೋಡ್ರಿ, ಜ್ವಾಳದ ಚೀಲದ ಭಾರೆಲ್ಲಾ ಅಚ್ಚು ಹೊರತೈತಿ, ಎತ್ತು ಎಳೀತೈತಿ ಅಷ್ಟ. ಎತ್ತಿನ ಬೆನ್ನ ಮ್ಯಾಲ ಹತ್ತು ಚೀಲ ಹೇರಿ ನಡೀ ಅಂದ್ರ ಎತ್ತು ಏನ್ ಮಾಡೀತು? ನಾವು ಮಾಡಿದ್ದು ಅದನ್ನ. ಹಂಗಾಗಿ ಈ ಬರಹದಾಗ ಕೋಡಿಂಗ್ ಕಡಿಮಿ, ಕೀಲಿನ ಮಾತೇ ಜಾಸ್ತಿ, ಯಾಕಂದ್ರ ಕೋಡ್ ತಪ್ಪಿದ್ರ ಮತ್ತೊಮ್ಮೆ ಬರೀಬಹುದು, ಕೀಲು ತಪ್ಪಿದ್ರ ಬುಟ್ಟಿಯೊಳಗ ಕೈ.

ಮೊದಲ ರಟ್ಟು, ಆಮ್ಯಾಲ ಅಲ್ಯೂಮಿನಿಯಂ

ನಾನು ಹೇಳೂದು ಹತ್ತು ವರ್ಷದ ಹುಡುಗನ ಅಳತಿಯ, ಸೊಂಟದ ಮ್ಯಾಲಿನ ಭಾಗ ಅಷ್ಟ ಹಲ್ಯಾಡೋ ರೋಬೋಟಿನ ಬಗ್ಗೆ. ಕಾಲು ನಡ್ಯೂದು ಬ್ಯಾರೇನ ಕತಿ, ಅದನ್ನ ಕಡಿಕ ಹೇಳ್ತೀನಿ. ಕುತಗಿಗೆ ಎರಡು ಚಲನೆ, ಒಂದೊಂದು ಭುಜಕ್ಕ ಎರಡೆರಡು, ಮೊಣಕೈಗೆ ಒಂದು, ಮಣಿಕಟ್ಟಿಗೆ ಒಂದು, ಬೆರಳಿಗೆ ತಲಾ ಒಂದು, ಇಷ್ಟಕ್ಕ ಇಪ್ಪತ್ತು ಮೋಟರ್ ಆಗ್ತಾವ, ಹಂಗಾಗಿ ಮೊದಲನೇ ಸಲಕ್ಕ ಒಂದ ಕೈ ಮಾಡ್ರಿ. ಎರಡೂ ಕೈ ಒಮ್ಮೆಲೆ ಹಿಡದವರು ಅರ್ಧಕ್ಕ ಬಿಟ್ಟಿದ್ದನ್ನ ನಾನೇ ನೋಡೇನಿ.

ಮೋಟರ್ ಆರ್ಡರ್ ಮಾಡೋಕಿಂತ ಮೊದಲ ಮನ್ಯಾಗ ಬಿದ್ದಿರೋ ರಟ್ಟಿನ ಡಬ್ಬಿ ಕತ್ತರಿಸಿ ಕೈ ಮಾಡ್ರಿ. ತೋಳು ಒಂದು ಪಟ್ಟಿ, ಮುಂಗೈ ಒಂದು ಪಟ್ಟಿ, ನಡುವ ಡ್ರಾಯಿಂಗ್ ಪಿನ್ನು. ಇದು ಹುಡುಗಾಟ ಅನ್ನಸ್ತೈತಿ ಖರೇ, ಆದ್ರ ಮೊಣಕೈ ಪೂರಾ ಮಡಚಿದಾಗ ಮುಂಗೈ ಎಲ್ಲಿ ಬಡೀತೈತಿ, ಕೈ ಎದಿ ಮುಂದ ಬಂದಾಗ ಎರಡೂ ಅಂಗೈ ಕೂಡತಾವೋ ಇಲ್ಲೋ ಅಂತ ಇಲ್ಲೇ ಗೊತ್ತಾಗ್ತೈತಿ. ನಮ್ಮ ಮೊಣಕೈ ಸುಮಾರು 145 ಡಿಗ್ರಿ ಮಡಚತೈತಿ, ಸಾದಾ ಸರ್ವೋ ಒಟ್ಟು 180 ಡಿಗ್ರಿ ತಿರಗತೈತಿ, ಅಂದ್ರ ಸಾಕು, ಆದ್ರ ಮೋಟರನ್ನ ಎಲ್ಲಿ ಕುಂದ್ರಸಬೇಕು ಅನ್ನೂದ ಪ್ರಶ್ನೆ. ಮೊಣಕೈಯ ಮೋಟರನ್ನ ಮೊಣಕೈಯಾಗ ಇಡೋಕಿಂತ ತೋಳಿನ ಮ್ಯಾಲಿನ ತುದಿಗೆ, ಭುಜದ ಹತ್ರ ಇಟ್ಟು ರಾಡಿನಿಂದ ಎಳದ್ರ ಭುಜಕ್ಕ ಭಾರ ಭಾಳ ಕಡಿಮಿ ಆಗ್ತೈತಿ. ನಮ್ಮ ಮೈಯೊಳಗೂ ಹಂಗ ಐತಿ, ಬೆರಳು ಮಡಚೋ ಸ್ನಾಯು ಬೆರಳಿನ್ಯಾಗ ಇರೂದಿಲ್ಲ, ಮುಂಗೈಯಾಗ ಇರತಾವ. ಈಗ ಎಡಗೈಲೆ ಬಲ ಮುಂಗೈ ಹಿಡಕೊಂಡು ಬಲಗೈ ಬೆರಳು ಮಡಚಿ ನೋಡ್ರಿ, ತಿಳೀತೈತಿ.

ಲೆಕ್ಕ ಮಾಡ್ರಿ, ಅಂದಾಜು ಬ್ಯಾಡ

ಸರ್ವೋ ಮೋಟರಿನ ಶಕ್ತಿ ಕೆಜಿ-ಸೆಂಟಿಮೀಟರ್ ಲೆಕ್ಕದಾಗ ಬರದಿರ್ತಾರ. 10 ಕೆಜಿ-ಸೆಂ ಅಂದ್ರ ಶಾಫ್ಟಿನಿಂದ 1 ಸೆಂಟಿಮೀಟರ್ ದೂರದಾಗ 10 ಕೆಜಿ, 10 ಸೆಂಟಿಮೀಟರ್ ದೂರದಾಗ 1 ಕೆಜಿ ಅಷ್ಟ ಹಿಡಿತೈತಿ. ಮುಂಗೈ ಲೆಕ್ಕ ಹಾಕೂಣು. ಮುಂಗೈ ತೂಕ 200 ಗ್ರಾಂ, ಅದರ ನಡು ಮೊಣಕೈಯಿಂದ 12 ಸೆಂ ದೂರ, 0.2 ಗುಣಿಲೆ 12 ಅಂದ್ರ 2.4. ಬೆರಳು ಕೂಡಿ ಅಂಗೈ 150 ಗ್ರಾಂ, 25 ಸೆಂ ದೂರ, 3.75. ಕೈಯಾಗ 100 ಗ್ರಾಂ ಪೇಡೆದ ಪೊಟ್ಟಣ ಕೊಟ್ರಿ ಅನ್ರಿ, 2.5. ಕೂಡಿಸಿದ್ರ 8.65 ಕೆಜಿ-ಸೆಂ.

ಈಗ ಎಲ್ಲಾರೂ ತಗೊಳ್ಳೋ ಎಂಜಿ996ಆರ್ ಮೋಟರ್ ನೋಡ್ರಿ, 55 ಗ್ರಾಂ ತೂಕ, ಲೋಹದ ಗೇರು, 6 ವೋಲ್ಟಿಗೆ 11 ಕೆಜಿ-ಸೆಂ ಅಂತ ಬರದಿರತೈತಿ. 8.65 ಕಿಂತ 11 ಜಾಸ್ತಿ ಐತಲ್ಲ, ಸಾಕು ಅನ್ನಸ್ತೈತಿ. ಸಾಲೂದಿಲ್ಲ. ಆ 11 ಅನ್ನೂದು ಸ್ಟಾಲ್ ಟಾರ್ಕ್, ಅಂದ್ರ ಮೋಟರ್ ತಿರಗಲಾರದ ಅಲ್ಲೇ ಸಿಕ್ಕೊಂಡು ಒದ್ದಾಡೋವಾಗಿನ ಲೆಕ್ಕ. ಆ ಹೊತ್ತಿನ್ಯಾಗ ಅದು ಸುಮಾರು 2.5 ಆಂಪಿಯರ್ ಕುಡೀತೈತಿ, ಹಂಗ ಬಿಟ್ರ ಕಾದು ಸುಡತೈತಿ. ದಿನಪೂರ್ತಿ ದುಡಿಯೋ ಮೋಟರಿಗೆ ಬರದಿದ್ದರ ಮೂರನೇ ಒಂದು ಪಾಲು, ಭಾಳ ಅಂದ್ರ ಅರ್ಧ ಅಷ್ಟ ಕೆಲಸ ಕೊಡ್ರಿ. ಹಂಗಂದ್ರ ಮೊಣಕೈಗೆ 20 ರಿಂದ 25 ಕೆಜಿ-ಸೆಂ ಬೇಕು.

ಭುಜದ ಲೆಕ್ಕ ಇನ್ನೂ ಗಾಬರಿ. ಕೈ ಸೀದಾ ಮುಂದ ಚಾಚಿದಾಗ ಅಂಗೈ 50 ಸೆಂ ದೂರ ಹೋತು, ಅದೇ 150 ಗ್ರಾಂ ಈಗ 7.5 ಆತು. ತೋಳು, ಮುಂಗೈ, ನಡುವಿನ ಬೇರಿಂಗು ನಟ್ಟು ಬೋಲ್ಟು ಎಲ್ಲಾ ಕೂಡಿಸಿದ್ರ ನಮ್ಮದು 26 ಕೆಜಿ-ಸೆಂ ಬಂತು, ಎರಡರಷ್ಟು ಹಿಡದ್ರ 52. ಇದಕ್ಕ ದೊಡ್ಡ ಮೋಟರ್ ಹುಡುಕೋಕಿಂತ ಮೊದಲ ತುದಿಯ ತೂಕ ಇಳಸ್ರಿ. ಅಂಗೈಯಾಗ 50 ಗ್ರಾಂ ಕಡಿಮಿ ಮಾಡಿದ್ರ ಭುಜದಾಗ 2.5 ಕೆಜಿ-ಸೆಂ ಉಳೀತೈತಿ, ತೋಳಿನ ಬುಡದಾಗ ಅದೇ 50 ಗ್ರಾಂ ಕಡಿಮಿ ಮಾಡಿದ್ರ ಏನೂ ಫರಕ ಆಗೂದಿಲ್ಲ.

ಇನ್ನೊಂದು ಉಪಾಯ, ಹಳೇ ಸೈಕಲ್ ಟ್ಯೂಬಿನ ಪಟ್ಟಿ ಇಲ್ಲಾ ಸ್ಪ್ರಿಂಗ್ ಒಂದನ್ನ ಮುಂಗೈಯಿಂದ ತೋಳಿಗೆ ಬಿಗಿಯಾಗಿ ಕಟ್ಟೂದು, ಮೋಟರ್ ಆಫ್ ಇದ್ದಾಗ ಮುಂಗೈ ಅರ್ಧಕ್ಕ ಎದ್ದು ನಿಲ್ಲೋ ಹಂಗ. ಅರ್ಧ ಭಾರ ರಬ್ಬರ್ ಹಿಡಿತೈತಿ, ಉಳಿದರ್ಧ ಮೋಟರ್. ನೋಡಾಕ ಚಂದ ಇರೂದಿಲ್ಲ, ತೋಳಿನ ಅಂಗಿ ಹಾಕಿದ್ರ ಕಾಣೂದಿಲ್ಲ.

ಸಾಮಾನು ಎಲ್ಲಿ ಸಿಗತೈತಿ

ರೋಬೋಟ್ ಅಂದ್ರ ತ್ರೀಡಿ ಪ್ರಿಂಟರ್ ಇರಲೇಬೇಕು ಅಂತ ಏನಿಲ್ಲ. ಕಿಟಕಿಯ ಸ್ಲೈಡಿಂಗ್ ಮಾಡೋ ಅಲ್ಯೂಮಿನಿಯಂ ಫ್ಯಾಬ್ರಿಕೇಷನ್ ಅಂಗಡಿಗೆ ಹೋಗ್ರಿ, ಕತ್ತರಿಸಿ ಉಳಿದ ತುಂಡು ಒಂದು ಮೂಲಿಗೆ ಬಿದ್ದಿರತಾವ, ಕೆಜಿ ಲೆಕ್ಕದಾಗ ಕೊಡ್ತಾರ. 20 ಎಂಎಂ ಅಗಲ 3 ಎಂಎಂ ದಪ್ಪದ ಅಲ್ಯೂಮಿನಿಯಂ ಪಟ್ಟಿ ಒಂದು ಮೀಟರಿಗೆ ಸುಮಾರು 160 ಗ್ರಾಂ, ಅದೇ ಅಳತಿ ಕಬ್ಬಿಣ ತಗೊಂಡ್ರ 470 ಗ್ರಾಂ. ಕಬ್ಬಿಣ ಸ್ಟ್ಯಾಂಡಿಗೆ ಇರಲಿ, ಕೈಗೆ ಬ್ಯಾಡ. ಬೋರ್ಡ್ ಬರಿಯೋರ ಹತ್ರ ಸಿಗೋ ಸನ್‌ಬೋರ್ಡ್ ಶೀಟು ಮ್ಯಾಲಿನ ಕವಚಕ್ಕ ಚಲೋ, ಆದ್ರ ಕೀಲಿನ ಹತ್ರ ಅದನ್ನ ನಂಬಬ್ಯಾಡ್ರಿ, ತೂತು ಲಗೂನ ಅಗಲಾಗ್ತೈತಿ. ಬುಷ್, ಅಂದ್ರ ಅಚ್ಚು ಕುಂದ್ರೋ ಸಣ್ಣ ಲೋಹದ ಕೊಳವಿ, ತಿರುವಿಸಬೇಕಾದ್ರ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಲೇಥಿನವರು ಇದ್ದಾರ, ಧಾರವಾಡದವರಾದ್ರ ಬೇಲೂರ ಇಂಡಸ್ಟ್ರಿಯಲ್ ಏರಿಯಾ ಕಡೆ ವಿಚಾರಿಸ್ರಿ. ಒಂದು ಮಾತು, ಬೆಳಿಗ್ಗೆ ಕೆಲಸದ ಗಡಿಬಿಡಿಯಾಗ "ರೋಬೋಟಿಗೆ ಒಂದು ಸಣ್ಣ ಬುಷ್ ಮಾಡಿಕೊಡ್ರಿ" ಅಂದ್ರ ಯಾರೂ ತಲಿ ಎತ್ತಿ ನೋಡೂದಿಲ್ಲ. ಸಂಜಿಕ ನಾಕಕ್ಕ ಗಿರಮಿಟ್ಟು ಮಿರ್ಚಿ ಕಟ್ಟಿಸಿಕೊಂಡು ಹೋಗ್ರಿ, ಜೋಡಿ ಹಾಳ್ಯಾಗ ಅಳತಿ ಬರದ ಚಿತ್ರ ಇರಲಿ. ನಮ್ಮ ಮೇಸ್ತ್ರಿ ಕಾಕಾ ಹಂಗ ನಾಕು ಬುಷ್ ಪುಕ್ಕಟ ಮಾಡಿಕೊಟ್ಟು ಮ್ಯಾಲ ನನ್ನ ಡಿಸೈನಿನ್ಯಾಗ ಮೂರು ತಪ್ಪು ಹುಡುಕಿ ಕೊಟ್ರು.

ಪ್ರಿಂಟರ್ ಇದ್ದವರಿಗೆ ಎರಡು ಮಾತು. ಪಿಎಲ್‌ಎ ಅನ್ನೋ ಪ್ರಿಂಟರಿನ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗ್ತೈತಿ. ಏಪ್ರಿಲ್ ತಿಂಗಳದಾಗ ತಗಡಿನ ಶೆಡ್ಡು ಇಲ್ಲಾ ನಿಲ್ಲಿಸಿದ ಕಾರಿನೊಳಗ ಇಟ್ರ ಕೈ ಸೊಟ್ಟ ಆಗ್ತೈತಿ, ಅದರ ಮ್ಯಾಲ ಸರ್ವೋನೂ ಬಿಸಿ ಆಗಿರತೈತಿ, ಹಂಗಾಗಿ ಮೋಟರ್ ಕುಂದ್ರೋ ಜಾಗಾಕ್ಕ ಪಿಇಟಿಜಿ ಅನ್ನೋ ಇನ್ನೊಂದು ಪ್ಲಾಸ್ಟಿಕ್ ಇಲ್ಲಾ ಅಲ್ಯೂಮಿನಿಯಂ. ಇನ್ನೊಂದು, ಪ್ರಿಂಟ್ ಮಾಡಿದ್ದು ಪದರ ಪದರ ಬಿಡತೈತಿ, ರೊಟ್ಟಿ ಅಟ್ಟಿ ಇದ್ದಂಗ. ಬೆರಳನ್ನ ನಿಲ್ಲಿಸಿ ಪ್ರಿಂಟ್ ಮಾಡಿದ್ರ ಅಡ್ಡ ಮುರೀತೈತಿ, ಮಲಗಿಸಿ ಮಾಡ್ರಿ.

ಮೊಣಕೈ ಕೂಡಸೂದು

ಇದನ್ನ ಸರಿಯಾಗಿ ಮಾಡಿದ್ರ ಉಳಿದ ಕೀಲೆಲ್ಲಾ ಇದರ ಅಣ್ಣ ತಮ್ಮಂದಿರು.

ಬೇರಿಂಗ್ ಅಂಗಡ್ಯಾಗ 608 ಅಂತ ಕೇಳ್ರಿ, ಸ್ಕೇಟಿಂಗ್ ಗಾಲಿಯೊಳಗಿನ ಬೇರಿಂಗ್ ಅದು, ಹುಡುಗರ ಹಳೇ ಸ್ಪಿನ್ನರ್ ಇದ್ರ ಅದರ ನಡುವನೂ ಅದೇ ಇರತೈತಿ. ಒಳಗಿನ ತೂತು 8 ಎಂಎಂ, ಹೊರಗ 22 ಎಂಎಂ, ದಪ್ಪ 7 ಎಂಎಂ. ಸಾದಾ 8 ಎಂಎಂ ಬೋಲ್ಟು ಸರಿಯಾಗಿ ಕುಂದರತೈತಿ. ಒಂದು ಮೊಣಕೈಗೆ ಎರಡು ಬೇರಿಂಗ್ ಬೇಕು, ಒಂದ ಹಾಕಿದ್ರ ಕೈ ಆಚಿ ಈಚಿ ವಾಲ್ಯಾಡತೈತಿ. ಎರಡರ ನಡುವ ಎಷ್ಟು ಅಂತರ ಸಿಗತೈತೋ ಅಷ್ಟು ಚಲೋ, 30 ಎಂಎಂ ಆದ್ರೂ ಇರಲಿ. ಬಾಗಲಕ್ಕ ಒಂದ ಕಡೆ ಎರಡು ಬಿಜಾಗರ ಹಾಕ್ತೀವಲ್ಲ, ಮ್ಯಾಲೊಂದು ಕೆಳಗೊಂದು, ಯಾಕ ದೂರ ದೂರ ಹಾಕ್ತೀವಿ ಅಂತ ವಿಚಾರ ಮಾಡ್ರಿ.

ತೋಳಿನ ಎರಡೂ ಪಟ್ಟಿ ಒಳಗ 22 ಎಂಎಂ ಹೋಲ್ ಸಾದಿಂದ ತೂತು ಹೊಡದು ಬೇರಿಂಗ್ ಒತ್ತಿ ಕುಂದ್ರಸ್ರಿ. 3 ಎಂಎಂ ಪಟ್ಟಿಯೊಳಗ 7 ಎಂಎಂ ಬೇರಿಂಗ್ ನಿಲ್ಲೂದಿಲ್ಲ, ಹಂಗಾಗಿ ಒಂದರ ಮ್ಯಾಲ ಒಂದು ಎರಡು ಪಟ್ಟಿ ಜೋಡಿಸ್ರಿ, ಹೊರಗಿನಿಂದ ಬೇರಿಂಗ್ ಜಾರಬಾರದಂತ ದೊಡ್ಡ ವಾಷರ್ ಒಂದನ್ನ ಎರಡು ಸಣ್ಣ ಸ್ಕ್ರೂದಿಂದ ಹಿಡಸ್ರಿ. ಪಟ್ಟಿ ಅಗಲ 20 ಇದ್ರ ತೂತು 22 ಎಲ್ಲಿ ಹೊಡೀತೀರಿ, ಕೀಲಿನ ಜಾಗಾಕ್ಕ 40 ಎಂಎಂ ಅಗಲದ ತುಂಡು ಬೇಕು, ಇದನ್ನ ನಾನು ಪಟ್ಟಿ ತಂದ ಮ್ಯಾಲ ತಿಳಕೊಂಡೆ. ಎಡಕ್ಕ ಬಲಕ್ಕ ತೂತು ಒಂದ ಸೀದಾ ಬರಬೇಕಂದ್ರ ಎರಡೂ ಕಡೆ ಪಟ್ಟಿ ಒಂದರ ಮ್ಯಾಲ ಒಂದು ಇಟ್ಟು ವೈಸಿನ್ಯಾಗ ಹಿಡದು ಒಮ್ಮೆಲೆ ಹೊಡೀರಿ. ಬ್ಯಾರೆ ಬ್ಯಾರೆ ಹೊಡದು ಆಮ್ಯಾಲ ಕಾನಸು ತಿಕ್ಕಿ ಸರಿ ಮಾಡ್ತೀನಿ ಅಂದ್ರ ಬೇರಿಂಗ್ ಯಾವತ್ತೂ ಬಿಗಿ ಕುಂದ್ರೂದಿಲ್ಲ.

ಬೋಲ್ಟು ಹಾಕುವಾಗ ಒಂದು ಸೂಕ್ಷ್ಮ ಐತಿ. ಬೇರಿಂಗಿನ ಒಳ ಉಂಗುರ, ಹೊರ ಉಂಗುರ ಎರಡು ಬ್ಯಾರೆ ಬ್ಯಾರೆ ತಿರಗತಾವ, ದೊಡ್ಡ ವಾಷರ್ ಎರಡಕ್ಕೂ ಮುಟ್ಟಿದ್ರ ಬ್ರೇಕ್ ಹಾಕಿದಂಗ. ಒಳ ಉಂಗುರಕ್ಕಷ್ಟ ಮುಟ್ಟೋ ಸಣ್ಣ ವಾಷರ್ ಹಾಕ್ರಿ, ಹೊರಗಿನ ವಾಷರ್ ಹೊರ ಉಂಗುರಕ್ಕಷ್ಟ ಮುಟ್ಟಲಿ. ಬಿಗಿ ಎಷ್ಟು ಅಂದ್ರ ಸೈಕಲ್ ಹಬ್ಬಿನ ಕೋನ್ ಬಿಗಿ ಮಾಡಿದ್ದು ನೋಡಿದವರಿಗೆ ಹೇಳಬೇಕಾಗಿಲ್ಲ, ಪ್ಲೇ, ಅಂದ್ರ ಅಲ್ಲಾಡೂದು, ಹೋಗೂತನಕ ಬಿಗಿ, ಆಮ್ಯಾಲ ಒಂಚೂರು ಸಡಿಲ, ಅದರ ಮ್ಯಾಲ ಅದು ಸರೀದಂಗ ಹಿಡಿಯೋ ಇನ್ನೊಂದು ನಟ್ಟು, ಚೆಕ್ ನಟ್. ಮೋಟರ್ ಇನ್ನೂ ಹಚ್ಚಬ್ಯಾಡ್ರಿ. ಈಗ ಮುಂಗೈ ಎತ್ತಿ ಬಿಡ್ರಿ, ಗಂಟಿ ಲೋಲಕ ಆಡಿದಂಗ ನಾಕೈದು ಸಲ ಆಡಿ ನಿಂತರ ಕೀಲು ಪಾಸ್. ಎತ್ತಿದಲ್ಲೇ ನಿಂತರ, ಇಲ್ಲಾ ಕೆಳಗ ಬಂದು ಟಕ್ ಅಂತ ನಿಂತರ, ಎಲ್ಲೋ ತಿಕ್ಕಲಾಕತ್ತೈತಿ. ನೀವು ಬಿಟ್ಟ ತಿಕ್ಕಾಟ ಎಲ್ಲಾ ಮೋಟರ್ ತನ್ನ ಜೀವಮಾನಪೂರ್ತಿ ಹೊರಬೇಕಾಗ್ತೈತಿ.

ಮೋಟರ್ ಹಚ್ಚೂದು ಈಗ. ಸರ್ವೋ ತೋಳಿನ ಮ್ಯಾಲಿನ ತುದ್ಯಾಗ, ಅದರ ಹಾರ್ನಿನಿಂದ, ಅಂದ್ರ ಶಾಫ್ಟಿಗೆ ಹಚ್ಚೋ ಸಣ್ಣ ಪಟ್ಟಿಯಿಂದ, ಮುಂಗೈಗೆ ಒಂದು ರಾಡು. ಈ ರಾಡಿಗೆ ಸೈಕಲ್ ಕಡ್ಡಿಯಂಥಾ ಸಾಮಾನು ಇನ್ನೊಂದಿಲ್ಲ, 2 ಎಂಎಂ ದಪ್ಪ, ಒಂದ ತುದಿ ಬಾಗಿ ಬಂದಿರತೈತಿ, ಇನ್ನೊಂದು ತುದಿಗೆ ಥ್ರೆಡ್ ಇದ್ದು ನಿಪ್ಪಲ್ ಕುಂದರತೈತಿ, ಅಂದ್ರ ಉದ್ದ ಹೆಚ್ಚು ಕಡಿಮಿ ಮಾಡಾಕ ಬರತೈತಿ. ದವಡಿ, ಕಣ್ಣು, ಹುಬ್ಬು ಇಂಥಾ ಹಗುರ ಕೆಲಸಕ್ಕ ಒಂದು ಕಡ್ಡಿ ಸಾಕು. ಮೊಣಕೈಗೆ ಒಂದು ಕಡ್ಡಿ ನೂಕಿದ್ರ ಬಾಗತೈತಿ, ಎಳದ್ರ ಬಾಗೂದಿಲ್ಲ. ಹಂಗಾಗಿ ಭಾರ ಎತ್ತೋ ದಿಕ್ಕಿನ್ಯಾಗ ರಾಡು ಎಳಿಯೋ ಹಂಗ ಜೋಡಿಸ್ರಿ, ಕೈ ಇಳಿಯೂದು ತನ್ನ ತೂಕದಿಂದ ಇಳೀತೈತಿ.

ಹಾರ್ನ್ ಹಚ್ಚೂಕಿಂತ ಮೊದಲ ಸರ್ವೋಗೆ 1.5 ಮಿಲಿಸೆಕೆಂಡ್ ಪಲ್ಸ್ (ಸಿಗ್ನಲ್) ಕೊಟ್ಟು ನಡಕ್ಕ ತಂದು ನಿಲ್ಲಸ್ರಿ. ಶಾಫ್ಟಿನ ಮ್ಯಾಲ 25 ಹಲ್ಲು ಇರತಾವ, ಒಂದು ಹಲ್ಲು ಸರಿಸಿದ್ರ 14.4 ಡಿಗ್ರಿ ಫರಕ, ಅದಕ್ಕ ಹಾರ್ನ್ ಯಾವತ್ತೂ ನಿಮಗ ಬೇಕಾದಲ್ಲೇ ಸರಿಯಾಗಿ ಕುಂದ್ರೂದಿಲ್ಲ. ಸಿಟ್ಟಾಗಬ್ಯಾಡ್ರಿ, ಹತ್ತಿರದ ಹಲ್ಲಿಗೆ ಕುಂದ್ರಿಸಿ ಉಳಿದದ್ದನ್ನ ನಿಪ್ಪಲ್ ತಿರುವಿ ಸರಿ ಮಾಡ್ರಿ.

ಆಮ್ಯಾಲ ಸ್ಟಾಪರ್. ಕೋಡಿನ್ಯಾಗ ಇಷ್ಟ ಡಿಗ್ರಿ ದಾಟಬಾರದು ಅಂತ ಬರದಿರ್ತೀರಿ, ಆದ್ರ ವೈರ್ ಸಡಿಲಾದ್ರ ಸರ್ವೋ ಕೋಡ್ ಕೇಳೂದಿಲ್ಲ, ಒಮ್ಮೊಮ್ಮೆ ಕರೆಂಟ್ ಬಂದ ಕೂಡಲೇ ಜಿಗಿತೈತಿ. ಎರಡೂ ತುದಿಗೆ ಒಂದೊಂದು ಬೋಲ್ಟು ನಿಲ್ಲಿಸಿ ಅದಕ್ಕ ರಬ್ಬರ್ ತುಂಡು ಹಾಕ್ರಿ, ಮುಂಗೈ ಅದಕ್ಕ ಬಡದು ನಿಲ್ಲಲಿ. ಮಡಚೋ ಕಡೆ ಹುಡುಗರ ಬೆರಳು ಸಿಗೋ ಸಂದಿ ನೋಡ್ಕೋರಿ, ಪೂರಾ ಮಡಚಿದಾಗೂ 25 ಎಂಎಂ ಜಾಗಾ ಉಳದಿರಬೇಕು, ಇಲ್ಲಾಂದ್ರ ಆ ಸಂದಿ ಕವಚದಿಂದ ಪೂರಾ ಮುಚ್ಚಿರಬೇಕು. ಹಬ್ಬದ ಗದ್ದಲದಾಗ ಮುಟ್ಟಬ್ಯಾಡ್ರೋ ಅಂದ್ರ ಯಾರ ಕೇಳ್ತಾರ.

ಭುಜ: ವೈಪರ್ ಮೋಟರ್ ಮತ್ತ ಹೊಲಿಗಿ ಮಷಿನ್

ಭುಜಕ್ಕ ಗುಜರಿಯಿಂದ ಸಣ್ಣ ಸೈಕಲ್ಲಿನ ಮುಂದಿನ ಹಬ್ ತರ್ರಿ. ಒಳಗ ಗುಂಡು, ಕೋನು, ಅಚ್ಚು ಎಲ್ಲಾ ರೆಡಿ ಇರೋ ಕೀಲು ಅದು, ಒಬ್ಬ ಮನಷ್ಯಾನ್ನ ಹೊರಾಕ ಮಾಡಿದ್ದು, ನಿಮ್ಮ ಎರಡು ಕೆಜಿ ಕೈ ಅದಕ್ಕ ಯಾವ ಲೆಕ್ಕ. ಅಚ್ಚು ಎದಿ ಫ್ರೇಮಿಗೆ ಬಿಗೀರಿ, ಕಡ್ಡಿ ಹಾಕೋ ತೂತನ್ನ 3.2 ಎಂಎಂಗೆ ದೊಡ್ಡದು ಮಾಡಿ 3 ಎಂಎಂ ಬೋಲ್ಟಿನಿಂದ ತೋಳಿನ ಪ್ಲೇಟ್ ಕೂಡಸ್ರಿ. ಬಿಚ್ಚಿ ಹಳೇ ಗ್ರೀಸ್ ಒರಸಿ ಹೊಸಾದು ತುಂಬಿದ್ರ ಬೆಣ್ಣಿ.

ತಿರುಗಿಸಾಕ ಕಾರಿನ ವೈಪರ್ ಮೋಟರ್. 12 ವೋಲ್ಟು, ನಿಮಿಷಕ್ಕ ಸುಮಾರು 40 ರಿಂದ 60 ಸುತ್ತು, ಒಳಗ ವರ್ಮ್ ಗೇರ್, ಅಂದ್ರ ಸ್ಕ್ರೂದಂಥಾ ಗೇರ್, ಇರೂದಕ್ಕ ಕರೆಂಟ್ ಹೋದ್ರೂ ಕೈ ದಬಕ್ಕಂತ ಬೀಳೂದಿಲ್ಲ, ಇದ್ದಲ್ಲೇ ನಿಂತಬಿಡತೈತಿ. ಪೆಂಡಾಲದಂಥಾ ಕಡೆ, ಅಂದ್ರ ಕೈ ಮ್ಯಾಲ ಕೆಳಗ ಆಡಿದ್ರ ಸಾಕು ಅನ್ನೋ ಕಡೆ, ಎಲೆಕ್ಟ್ರಾನಿಕ್ಸೇ ಬ್ಯಾಡ. ಅವ್ವನ ಹೊಲಿಗಿ ಮಷಿನ್ ನೋಡ್ರಿ, ಕಾಲಾಗ ಪೆಡಲ್ ಮ್ಯಾಲ ಕೆಳಗ ಆಡತೈತಿ, ಚಕ್ರ ಸುತ್ತತೈತಿ. ಅದನ್ನ ತಿರುಗಾಮುರುಗಾ ಮಾಡ್ರಿ, ಮೋಟರ್ ಸುತ್ತಲಿ, ಕೈ ಆಡಲಿ. ಗದಗಿನ್ಯಾಗ ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಕಾಲು ಮಷಿನ್ ಎಲ್ಲೆರ ಕಂಡ್ರ ಅರ್ಧ ತಾಸು ನಿಂತು ನೋಡ್ರಿ, ಇಂಥಾ ಪಟ್ಟಿ ಜೋಡಣಿ ಅಷ್ಟೂ ಅದರಾಗ ಅದಾವ.

ಇದಕ್ಕ ನಾಕು ಉದ್ದದ ಲೆಕ್ಕ. ಮೋಟರ್ ಮ್ಯಾಲಿನ ಸಣ್ಣ ಪಟ್ಟಿ 4 ಸೆಂ, ನಡುವಿನ ರಾಡು 20 ಸೆಂ, ಭುಜಕ್ಕ ಹಚ್ಚಿದ ಪಟ್ಟಿ 8 ಸೆಂ, ಮೋಟರ್ ಶಾಫ್ಟಿನಿಂದ ಭುಜದ ಅಚ್ಚಿಗೆ 20 ಸೆಂ. ಅತೀ ಸಣ್ಣದು, ಅತೀ ಉದ್ದದ್ದು ಕೂಡಿಸಿದ್ರ 24, ಉಳದ ಎರಡು ಕೂಡಿಸಿದ್ರ 28. ಮೊದಲಿನ ಮೊತ್ತ ಎರಡನೇದಕ್ಕಿಂತ ಕಡಿಮಿ ಇದ್ರ ಅಷ್ಟ ಮೋಟರ್ ಸಿಕ್ಕೊಳ್ಳದ ಪೂರಾ ಸುತ್ತತೈತಿ, ಇದಕ್ಕ ಗ್ರಾಷಾಫ್ ನಿಯಮ ಅಂತಾರ. ಈ ಅಳತಿಗೆ ಕೈ ಸುಮಾರು 60 ಡಿಗ್ರಿ ಆಡತೈತಿ. ಇನ್ನೂ ಜಾಸ್ತಿ ಆಡಬೇಕಂದ್ರ ಮೋಟರಿನ ಪಟ್ಟಿ 5 ಸೆಂ ಮಾಡ್ರಿ, ಆದ್ರ ರಟ್ಟಿನ್ಯಾಗ ಮೊದಲ ಆಡಿಸಿ ನೋಡ್ರಿ.

ಎಲ್ಲಿ ಬೇಕೋ ಅಲ್ಲಿ ನಿಲ್ಲಬೇಕು ಅನ್ನೋರು ಅದೇ ವೈಪರ್ ಮೋಟರಿಗೆ ಬಿಟಿಎಸ್7960 ಡ್ರೈವರ್ (ಮೋಟರಿಗೆ ಕರೆಂಟ್ ಕೊಡೋ ಬೋರ್ಡು) ಹಾಕಿ, ಭುಜದ ಅಚ್ಚಿನ ಹತ್ರ 10ಕೆ ಪೊಟೆನ್ಷಿಯೋಮೀಟರ್ (ತಿರುವಿದಷ್ಟ ಬದಲಾಗೋ ರೆಸಿಸ್ಟರ್) ಕೂಡಿಸಿ ಕೋನ ಓದಬೇಕು. ಪೊಟೆನ್ಷಿಯೋಮೀಟರ್ ಮೋಟರ್ ಕಡೆ ಇಡಬ್ಯಾಡ್ರಿ, ಕೀಲಿನ ಕಡೆ ಇಡ್ರಿ, ನಡುವಿನ ರಾಡಿನ ಸಡಿಲ ಎಲ್ಲಾ ಆವಾಗ ಲೆಕ್ಕಕ್ಕ ಸಿಗತೈತಿ. ಫ್ರಾನ್ಸಿನ ಶಿಲ್ಪಿ ಗೇಲ್ ಲಾಂಜ್ವ್ಯಾಂ 2012ರಾಗ ಶುರು ಮಾಡಿದ ಇನ್‌ಮೂವ್ ಅನ್ನೋ ಆಳೆತ್ತರದ ರೋಬೋಟಿನ್ಯಾಗೂ ಹಿಂಗ, ಸರ್ವೋ ಹೊಟ್ಟಿಯಿಂದ ಪೊಟೆನ್ಷಿಯೋಮೀಟರ್ ಹೊರಗ ತಗದು ಕೀಲಿಗೆ ಕೂಡಿಸ್ತಾರ. ಅದರ ಎಲ್ಲಾ ಭಾಗದ ಫೈಲು ಪುಕ್ಕಟ ಸಿಗತಾವ, ಪ್ರಿಂಟ್ ಮಾಡಲಿಲ್ಲಂದ್ರೂ ತಗದು ನೋಡ್ರಿ, ಭಾಳ ಕಲೀಬಹುದು.

ಬೆರಳು

ಬೆರಳಿನ್ಯಾಗ ಮೋಟರ್ ಇಡಾಕ ಜಾಗಾನೂ ಇಲ್ಲ, ಇಡಲೂಬಾರದು. ದಾರ ಎಳದು ಮಡಚೂದು. ನನಗ ಇದು ತಲಿಗೆ ಹತ್ತಿದ್ದು ಬೆಟಗೇರ್ಯಾಗ ಒಬ್ಬರ ಮನಿ ಕೈಮಗ್ಗ ನೋಡಿದಾಗ. ಕಾಲಿಂದ ಒಂದು ಪಟ್ಟಿ ತುಳದ್ರ ಒಂದು ಸಾಲು ನೂಲು ಕೆಳಗ ಬರತೈತಿ, ಅದೇ ದಾರ ಮ್ಯಾಲಿನ ರಾಟಿ ಮ್ಯಾಲ ಹಾದು ಇನ್ನೊಂದು ಸಾಲನ್ನ ತಾನ ಮ್ಯಾಲ ಎತ್ತತೈತಿ. ಒಂದು ಎಳದ್ರ ಒಂದು ಬಿಡೂದು. ಬೆರಳೂ ಹಂಗ, ಅಂಗೈ ಕಡೆ ಒಂದು ದಾರ, ಬೆನ್ನ ಕಡೆ ಒಂದು ದಾರ, ಎರಡೂ ಒಂದ ಸರ್ವೋದ ರಾಟಿಗೆ ಎದುರುಬದುರು ಕಟ್ಟೂದು. ಬೆನ್ನ ಕಡೆ ದಾರದ ಬದಲಿ ಇಲಾಸ್ಟಿಕ್ ಹಾಕಿದ್ರೂ ನಡೀತೈತಿ, ಆದ್ರ ಮಡಚೋವಾಗೆಲ್ಲಾ ಮೋಟರ್ ಇಲಾಸ್ಟಿಕ್ ಜೋಡಿ ಜಗಳ ಆಡಬೇಕು.

ರಾಟಿ ಎಷ್ಟು ದೊಡ್ಡದು ಇರಬೇಕು? ಬೆರಳಿನ ಒಂದು ಗಿಣ್ಣಿನ ನಡುವಿನಿಂದ ದಾರ 6 ಎಂಎಂ ದೂರದಾಗ ಹಾದ್ರ, 90 ಡಿಗ್ರಿ ಮಡಚಾಕ 9.4 ಎಂಎಂ ದಾರ ಎಳೀಬೇಕು. ಮೂರು ಗಿಣ್ಣಿಗೆ 28 ಎಂಎಂ. ಸರ್ವೋ 180 ಡಿಗ್ರಿ ತಿರಗಿದಾಗ 28 ಎಂಎಂ ಸುತ್ತಬೇಕಂದ್ರ ರಾಟಿ ಅಡ್ಡಳತಿ 18 ಎಂಎಂ. ಇದಕ್ಕಿಂತ ದೊಡ್ಡದು ಹಾಕಿದ್ರ ಬೆರಳು ಲಗೂ ಮಡಚತೈತಿ, ಹಿಡಿತ ಕಡಿಮಿ.

ದಾರ ಯಾವುದು ಅನ್ನೂದು ಭಾಳ ಮುಖ್ಯ. ಮೀನ ಹಿಡಿಯೋ ಸಾದಾ ನೈಲಾನ್ ಎಳಿ ಬ್ಯಾಡ, ಅದು ಹಿಗ್ಗತೈತಿ, ಇವತ್ತು ಸರಿ ಇದ್ದ ಬೆರಳು ನಾಳೆ ಅರ್ಧಾನೂ ಮಡಚೂದಿಲ್ಲ. ಹೆಣೆದ ಗಾಳದ ದಾರ, ಬ್ರೇಡೆಡ್ ಅಂತ ಬರದಿರತೈತಲ್ಲ, ಅದು ಹಿಗ್ಗೂದಿಲ್ಲ. ಒಂದ ಅಡಚಣಿ, ಅದು ಜಾರತೈತಿ, ಸಾದಾ ಗಂಟು ಬಿಚ್ಚತೈತಿ, ಹಂಗಾಗಿ ಸ್ಕ್ರೂ ಕೆಳಗ ಎರಡು ಸುತ್ತು ಹಾಕಿ ವಾಷರಿನಿಂದ ಅದುಮಿ ಹಿಡೀರಿ.

ಮುಂಗೈಯಾಗ ಮೋಟರ್, ಅಂಗೈಯಾಗ ಬೆರಳು, ನಡುವ ಮಣಿಕಟ್ಟು. ಇಲ್ಲೇ ಎಲ್ಲಾರೂ ಮುಗ್ಗರಸೂದು. ಮಣಿಕಟ್ಟು ತಿರಗಿದ್ರ ಬೆರಳು ತಾನ ಮಡಚತಾವ, ಯಾಕಂದ್ರ ದಾರದ ದಾರಿ ಉದ್ದ ಬದಲಾತು. ಇದಕ್ಕ ಎರಡು ದಾರಿ ಅದಾವ, ದಾರಗಳನ್ನ ಮಣಿಕಟ್ಟು ತಿರುಗೋ ಅಚ್ಚಿನ ನಟ್ಟನಡುವನೇ ಹಾಯಿಸೂದು, ಇಲ್ಲಾ ಸೈಕಲ್ ಬ್ರೇಕ್ ಕೇಬಲ್ ಹಂಗ ಹೊರಗೊಂದು ಕೊಳವಿ ಹಾಕೂದು. ಹ್ಯಾಂಡಲ್ ಎಷ್ಟ ತಿರುವಿದ್ರೂ ಬ್ರೇಕ್ ತಾನ ಹಿಡಿಯೂದಿಲ್ಲಲ್ಲ, ಕಾರಣ ಔಟರ್. ಇಲ್ಲಿಗೆ 4 ಎಂಎಂ ಹೊರಗ 2 ಎಂಎಂ ಒಳಗ ಇರೋ ಪಿಟಿಎಫ್‌ಇ ಟ್ಯೂಬ್ ಹಾಕ್ರಿ, ನುಣುಪು ಪ್ಲಾಸ್ಟಿಕ್ಕಿನ ಕೊಳವಿ ಅದು, ತ್ರೀಡಿ ಪ್ರಿಂಟರಿನವರು ವಾಪರಸ್ತಾರ. ಟ್ಯೂಬಿನ ಎರಡೂ ತುದಿ ಗಟ್ಟಿ ಹಿಡದಿರಬೇಕು, ಒಂದು ತುದಿ ಸರದಾಡಿದ್ರೂ ಔಟರ್ ಕೆಲಸ ಹೋತು. ಬಾಗು ದೊಡ್ಡದಿರಲಿ.

ಹೆಬ್ಬೆಟ್ಟನ್ನ ಉಳದ ನಾಕರ ಸಾಲಿನ್ಯಾಗ ನಿಲ್ಲಸಬ್ಯಾಡ್ರಿ. ಅಂಗೈಗೆ ಎದುರಾಗಿ ಓರಿ ಕುಂದ್ರಸ್ರಿ, ತುದಿ ತೋರಬೆರಳಿನ ತುದಿಗೆ ಬಂದು ಮುಟ್ಟಬೇಕು. ಪೇಡೆ ಹಿಡಿಯೂದು ಆ ಇಬ್ಬರೇ, ಉಳದವ್ರು ಸುಮ್ಮ ಜೋಡಿಗೆ.

ಕುತಗಿ ಬಗ್ಗೆ ಜಾಸ್ತಿ ಹೇಳೂದಿಲ್ಲ, ಮೊಣಕೈಯ ಸೂತ್ರನ ಇಲ್ಲಿ. ತಲಿ ಭಾರ 608 ಬೇರಿಂಗ್ ಮ್ಯಾಲ ಕುಂದ್ರಲಿ, ಸರ್ವೋ ಬಾಜೂಕ ಇದ್ದು ಕಡ್ಡಿಯಿಂದ ತಿರುಗಿಸಲಿ. ತಲಿಯ ತೂಕದ ನಡು ಅಚ್ಚಿನ ಮ್ಯಾಲ ಬರೋ ಹಂಗ ಹಿಂದ ಮುಂದ ತೂಗಿಸ್ರಿ. ಕಣ್ಣು, ದವಡಿ, ಸ್ಪೀಕರ್ ಎಲ್ಲಾ ಮುಖದ ಕಡೆ ಇರತಾವ, ಹಂಗಾಗಿ ತಲಿ ಯಾವಾಗಲೂ ಮುಂದಕ್ಕ ತೂಕಡಸತೈತಿ, ಹಿಂದಲ್ಯಾಗ ನಾಕು ನಟ್ಟು ಕಟ್ರಿ.

ಕರೆಂಟು

ಕೋಡ್ ನಡಸೋ ಸಣ್ಣ ಬೋರ್ಡು ಆರ್ಡುಯಿನೋದ 5 ವೋಲ್ಟ್ ಪಿನ್ನಿನಿಂದ ಸರ್ವೋಗೆ ಕರೆಂಟ್ ಕೊಡಬ್ಯಾಡ್ರಿ. ಎಂಟು ಸರ್ವೋ ಒಮ್ಮೆಲೆ ಸಿಕ್ಕೊಂಡ್ರ 20 ಆಂಪಿಯರ್. ಹಬ್ಬದ ಲೈಟಿಂಗ್ ಮಾಡೋರು ಪಿಕ್ಸೆಲ್ ಎಲ್‌ಇಡಿಗೆ ಹಾಕೋ 5 ವೋಲ್ಟ್ 40 ಆಂಪಿಯರ್ ಸಪ್ಲೈ ಇದಕ್ಕ ಹೇಳಿ ಮಾಡಿಸಿದಂಗ ಐತಿ, 6 ವೋಲ್ಟಿನಷ್ಟು ಜೋರು ಬರೂದಿಲ್ಲ, ಆದ್ರ ಮೋಟರ್ ತಣ್ಣಗಿರತೈತಿ. ಅದರ ನೆಗೆಟಿವ್, ಆರ್ಡುಯಿನೋದ ಗ್ರೌಂಡ್ ಎರಡೂ ಕೂಡಸಲೇಬೇಕು, ಇಲ್ಲಾಂದ್ರ ಸರ್ವೋ ದೆವ್ವ ಬಡದವರಂಗ ಆಡತೈತಿ. ಸರ್ವೋಗೆ ಸಿಗ್ನಲ್ ಕೊಡೋ ಪಿಸಿಎ9685 ಬೋರ್ಡಿನಿಂದ ಎರಡೇ ವೈರಿನ್ಯಾಗ 16 ಸರ್ವೋ ನಡಸಬಹುದು, ಆದ್ರ ಅದರ ಸಣ್ಣ ಗ್ರೀನ್ ಕನೆಕ್ಟರ್ ಮುಖಾಂತರ 20 ಆಂಪಿಯರ್ ಹಾಯಿಸಬ್ಯಾಡ್ರಿ, ದೊಡ್ಡ ಸರ್ವೋಗಳ ಕರೆಂಟು ಬ್ಯಾರೆ ದಪ್ಪ ವೈರಿನಿಂದ ಹೋಗಲಿ, ಸಿಗ್ನಲ್ ಅಷ್ಟ ಬೋರ್ಡಿನಿಂದ. ಕೋಡಿನ್ಯಾಗ 0 ದಿಂದ 90ಕ್ಕ ಒಮ್ಮೆಲೆ ಜಿಗಸಬ್ಯಾಡ್ರಿ, 20 ಮಿಲಿಸೆಕೆಂಡಿಗೆ ಒಂದೊಂದ ಡಿಗ್ರಿ ಸರಿಸಿ, ಶುರು ಮತ್ತ ಕಡಿಕ ಇನ್ನೂ ನಿಧಾನ ಮಾಡ್ರಿ. ಗೇರು ಉಳಿತಾವ, ನೋಡೋರಿಗೂ ಜೀವ ಇದ್ದಂಗ ಕಾಣತೈತಿ. ಕೆಂಪು ಸ್ವಿಚ್ ಒಂದು ಕೈಗೆ ಸಿಗೋ ಕಡೆ ಇರಲಿ, ರೋಬೋಟಿನ ಬೆನ್ನ ಹಿಂದಲ್ಲ.

ಕಾಲು ನಡಿಯೂದು ಯಾಕ ಬ್ಯಾಡ ಅಂದೆ ಅಂದ್ರ, ಹೋಂಡಾ ಕಂಪನಿಯವರು 1986ರಾಗ ಬರೇ ಎರಡು ಕಾಲಿನ ಇ0 ಅನ್ನೋದರಿಂದ ಶುರು ಮಾಡಿ ಆಸಿಮೋ ತೋರಸೂದ್ರಾಗ 2000 ಬಂದಿತ್ತು. ಒಂದು ಕಾಲು ಎತ್ತೋಕಿಂತ ಮೊದಲ ಇಡೀ ಮೈಭಾರ ಇನ್ನೊಂದು ಪಾದದ ಮ್ಯಾಲ ಸರೀಬೇಕು, ಸರಿಯೂದು ತಡಾ ಆದ್ರ ಬಿತ್ತು. ನಡಿಯೂದ ಕಲೀಬೇಕಂದ್ರ 30 ಸೆಂ ಎತ್ತರದ ಗೊಂಬಿ ಬ್ಯಾರೆ ಮಾಡ್ರಿ, ಬಿದ್ರೂ ಮುರಿಯೂದಿಲ್ಲ. ದೊಡ್ಡದಕ್ಕ ಕೆಳಗ ಕಬ್ಬಿಣದ ಸ್ಟ್ಯಾಂಡು, ಅದರ ಮ್ಯಾಲ ಧೋತ್ರ ಉಡಸ್ರಿ, ಕಾಲಿಲ್ಲ ಅಂತ ಯಾರೂ ಕೇಳಿಲ್ಲ ಇನ್ನೂತನಕ.

ಎಲ್ಲಾ ಕೂಡಿಸಿದ ಮ್ಯಾಲ ಕೈಗೆ ಪೇಡೆ ಪೊಟ್ಟಣದಷ್ಟು ತೂಕ ಕಟ್ಟಿ ಒಂದು ತಾಸು ಬಿಡದ ಆಡಸ್ರಿ, ಹದಿನೈದು ನಿಮಿಷಕ್ಕೊಮ್ಮೆ ಪ್ರತಿ ಮೋಟರ್ ಮುಟ್ಟಿ ನೋಡ್ರಿ. ಕೈ ಇಡಲಾರದಷ್ಟು ಬಿಸಿ ಆಗಿದ್ದ ಮೋಟರಿನ ಕೀಲು ಬಿಚ್ಚಿ ಮತ್ತ ಲೋಲಕದ ಪರೀಕ್ಷಾ ಮಾಡ್ರಿ, ಹತ್ತಕ್ಕ ಒಂಬತ್ತು ಸಲ ತಪ್ಪು ಮೋಟರಿಂದಲ್ಲ. ಆ ಮ್ಯಾಲ ನಟ್ಟು ಒಂದೊಂದೂ ಬಿಗಿ ಐತೋ ನೋಡಿ ಬಿಳೇ ಪೇಂಟಿನಿಂದ ನಟ್ಟು ಪಟ್ಟಿ ಎರಡಕ್ಕೂ ಕೂಡಿ ಒಂದು ಗೀಟು ಎಳೀರಿ, ನಟ್ಟು ಸಡಿಲಾಗಿ ತಿರಗಿದ್ರ ಗೀಟು ಮುರದಂಗ ಕಾಣತೈತಿ, ದೂರದಿಂದನ ಗೊತ್ತಾಗ್ತೈತಿ. ಹೋದ ವರ್ಷ ನಮ್ಮದು ಕೊನೀ ದಿನದತನಕ ನಮಸ್ಕಾರ ಮಾಡೀತು. ಐದನೇ ದಿನ ಮೊಣಕೈಯ ಒಂದು ಗೀಟು ಮುರದಿತ್ತು, ನಮ್ಮ ಹುಡುಗ "ಮಾಮಾ, ಅಲ್ಲಿ ನೋಡು" ಅಂದ, ಆರತಿ ಶುರುವಾಗೋದ್ರಾಗ ಸ್ಪ್ಯಾನರ್ ಹಾಕಿ ಮುಗಿಸಿದ್ವಿ.